ಅನ್ನನಾಳದ ಕ್ಯಾನ್ಸರ್ ಮತ್ತು ಕೊಡಗಿನ ದೂರ

ಅನ್ನನಾಳದಲ್ಲಿ ಗಡ್ಡೆ ಎಂದರೆ ಕಥೆ ಮುಗಿಯಿತು ಎಂಬ ಮಾತು ಕೊಡಗಿನಲ್ಲಿ ಈಗಲೂ ಕೇಳಿಬರುತ್ತದೆ. ಪೂರ್ತಿ ಸುಳ್ಳಲ್ಲ, ಆದರೆ ಹಳೆಯ ಮಾತು.

1913ರಲ್ಲಿ ನ್ಯೂಯಾರ್ಕಿನ ಶಸ್ತ್ರಚಿಕಿತ್ಸಕ ಫ್ರಾಂಜ್ ಟೊರೆಕ್ ಮಹಿಳೆಯೊಬ್ಬರ ಎದೆ ತೆರೆದು ರೋಗಪೀಡಿತ ಅನ್ನನಾಳವನ್ನು ತೆಗೆದರು. ಆ ಮಹಿಳೆ ಕುತ್ತಿಗೆಯಿಂದ ಜಠರಕ್ಕೆ ಮೈಯ ಹೊರಗೇ ಜೋಡಿಸಿದ ರಬ್ಬರ್ ಕೊಳವೆಯ ಮೂಲಕ ಉಂಡು ಹತ್ತು ವರ್ಷಕ್ಕೂ ಹೆಚ್ಚು ಬದುಕಿದರು. ಜಠರವನ್ನೇ ಮೇಲಕ್ಕೆಳೆದು ಜೋಡಿಸುವ, ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಐವರ್ ಲೂಯಿಸ್ 1946ರಲ್ಲಿ ವಿವರಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಗೊಂದಲ ಶುರುವಾಗಿದ್ದು ಆಮೇಲೆ. ರೇಡಿಯೇಷನ್ನಿನ ಜೊತೆ ಕಿಮೋ ಸೇರಿಸಿದರೆ ಹೆಚ್ಚು ಜನ ಉಳಿಯುತ್ತಾರೆ ಎಂದು 1992ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. 2012ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ 'ಕ್ರಾಸ್' ಅಧ್ಯಯನ ಎರಡನ್ನೂ ಶಸ್ತ್ರಚಿಕಿತ್ಸೆಗಿಂತ ಮೊದಲೇ ಕೊಟ್ಟಿತು: ಐದು ವಾರ, ವಾರಕ್ಕೊಮ್ಮೆ ಕಿಮೋ, ಒಟ್ಟು 23 ಸಲ ರೇಡಿಯೇಷನ್. ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿ, ಬರೀ ಶಸ್ತ್ರಚಿಕಿತ್ಸೆಯಲ್ಲಿದ್ದ 24 ತಿಂಗಳಿಂದ 49 ತಿಂಗಳಿಗೆ ಏರಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಸ್ಕ್ವಾಮಸ್ (ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ) ಬಗೆಯಲ್ಲಂತೂ, ಕತ್ತರಿಸಿ ತೆಗೆದ ಭಾಗವನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಕ್ಯಾನ್ಸರ್ ಉಳಿದೇ ಇರಲಿಲ್ಲ. ಹಾಗಾದರೆ ಕತ್ತರಿಸುವುದಾದರೂ ಏಕೆ? ಗಡ್ಡೆ ಕರಗಿದವರನ್ನು ಕತ್ತರಿಸದೆ ಕಾದು ನೋಡಿದರೂ, ಎರಡು ವರ್ಷ ಬದುಕಿರುವವರ ಲೆಕ್ಕದಲ್ಲಿ ನಷ್ಟವಿಲ್ಲ ಎಂದು 2025ರಲ್ಲಿ ಅದೇ ದೇಶದ ಮತ್ತೊಂದು ಅಧ್ಯಯನ ಹೇಳಿತು. ಇದಕ್ಕೆ ಮುಂಚೆ, 2024ರಲ್ಲಿ, ಅಡಿನೋಕಾರ್ಸಿನೋಮಾ (ಗ್ರಂಥಿಯ ಕೋಶಗಳಲ್ಲಿ ಹುಟ್ಟುವ) ಎಂಬ ಇನ್ನೊಂದು ಬಗೆಗೆ ರೇಡಿಯೇಷನ್ ಇಲ್ಲದ, ಬಲವಾದ ಕಿಮೋ ಮತ್ತು ಶಸ್ತ್ರಚಿಕಿತ್ಸೆಯೇ ಮೇಲು ಎಂಬ ಫಲಿತಾಂಶ ಬಂದಿತ್ತು. ಬಯಾಪ್ಸಿ (ಗಡ್ಡೆಯ ಚೂರಿನ ಪರೀಕ್ಷೆ) ವರದಿಯಲ್ಲಿ ಯಾವ ಬಗೆ ಎಂದು ನೋಡದೆ ಪಕ್ಕದ ಮನೆಯವರ ಚಿಕಿತ್ಸೆಯೊಂದಿಗೆ ಹೋಲಿಸಿದರೆ ತಲೆ ಕೆಡುವುದು ಸಹಜ. ರೋಗ ಹರಡಿದ್ದರೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿ) ಕೆಲವರಿಗೆ ತಿಂಗಳುಗಳನ್ನು ಕೊಡುತ್ತದೆ, ಅನ್ನನಾಳದೊಳಗೆ ಕೂರಿಸುವ ಸ್ಟೆಂಟ್ ಎಂಬ ಕೊಳವೆ ನುಂಗುವ ದಾರಿ ತೆರೆಯುತ್ತದೆ. ಗುಣಪಡಿಸುವ ಮಾತು ಅಲ್ಲಿಲ್ಲ.

ಆ 23 ಸಲದ ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನ ಆಸ್ಪತ್ರೆಗೆ ಹೋಗುವುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಇನ್ನೂ ದೂರ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಂಗಳೂರು ರಸ್ತೆಯೇ ಮುಚ್ಚಿತ್ತು. ದಿನವೂ ಹೋಗಿಬರಲು ಆಗದವರು ಅಲ್ಲೇ ಕೋಣೆ ಹಿಡಿಯಬೇಕು, ಜೊತೆಗೊಬ್ಬರು ಇರಬೇಕು. ಕಾಫಿ ಕೊಯ್ಲಿನ ಕೂಲಿ ಬಿಟ್ಟು ಬಂದವರಿಗೆ ಔಷಧಿಗಿಂತ ಈ ಖರ್ಚೇ ಭಾರ. ಕಾದು ನೋಡುವ ದಾರಿಗೂ ಮತ್ತೆ ಮತ್ತೆ ಎಂಡೋಸ್ಕೋಪಿ (ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ), ಸ್ಕ್ಯಾನ್ ಬೇಕು. ಅದು ದೊಡ್ಡ ಆಸ್ಪತ್ರೆ ಹತ್ತಿರವಿರುವವರಿಗೆ ಹೊಳೆದ ಉಪಾಯ ಎನಿಸುತ್ತದೆ.

ಇದಕ್ಕೂ ಮೊದಲೇ ಕಳೆದುಹೋಗುವ ತಿಂಗಳುಗಳಿವೆ. ತಂಬಾಕು, ಅಡಿಕೆ, ಮದ್ಯದ ರೂಢಿ ಇರುವವರಿಗೆ ಕಡಂಬಿಟ್ಟು (ಅಕ್ಕಿ ತರಿಯ ಉಂಡೆ) ಗಂಟಲಲ್ಲಿ ನಿಲ್ಲತೊಡಗಿದಾಗ ಗ್ಯಾಸ್ ಮಾತ್ರೆ ಸಿಗುತ್ತದೆ, ಊಟ ಗಂಜಿಗಿಳಿಯುತ್ತದೆ, ತೂಕವೂ ಇಳಿಯುತ್ತದೆ. ಹಾಗೆ ಸೊರಗಿದ ದೇಹ ಐದು ವಾರದ ಚಿಕಿತ್ಸೆಯನ್ನು ತಡೆದುಕೊಳ್ಳುವುದು ಕಷ್ಟ. ಗಟ್ಟಿ ಆಹಾರ ಸಿಕ್ಕಿಕೊಳ್ಳುವುದು ಎರಡು ವಾರ ಮುಂದುವರಿದರೆ ಕೇಳಬೇಕಾದದ್ದು ಇನ್ನೊಂದು ಪಟ್ಟಿ ಮಾತ್ರೆಯಲ್ಲ, ಎಂಡೋಸ್ಕೋಪಿ.