ಮೊದಲು ರಜೆಯ ಪುಟ ಓದಿ

ಹೋದ ತಿಂಗಳು ಹೊಸನಗರದ ಕಡೆಯ ಒಬ್ಬ ಹುಡುಗಿ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದಳು. ಗಣಿತದಲ್ಲಿ ಎಂ.ಎಸ್ಸಿ., ಜೊತೆಗೆ ಬಿ.ಎಡ್. ಇಲ್ಲಿನ ಶಾಲೆಯೊಂದರಲ್ಲಿ ಮೂರು ವರ್ಷ ಪಾಠ ಮಾಡಿದ್ದಾಳೆ. ಥಾಯ್ಲೆಂಡಿನ ಒಂದು ಶಾಲೆ ಅವಳಿಗೆ ಕೆಲಸದ ಒಪ್ಪಂದ ಕಳಿಸಿತ್ತು. ಅದನ್ನು ಮುಂದಿಟ್ಟುಕೊಂಡು ಸಂಬಳ, ಬಾಡಿಗೆ, ಊಟ ಎಲ್ಲ ವಿಚಾರಿಸಿದಳು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಮೇಡಂ, ಕೇಳೋಕೆ ಒಂಥರಾ ಆಗುತ್ತೆ. ರಜೆ ಎಷ್ಟು ಸಿಗುತ್ತೆ? ಅಕ್ಕಪಕ್ಕದ ದೇಶ ಎಲ್ಲಾ ನೋಡ್ಬೇಕು ಅಂತ ಆಸೆ" ಅಂದಳು.

ಅವಳನ್ನು ಮತ್ತೆ ಕರೆದು ಕೂರಿಸಿದೆ. ಅವಳು ಮೊದಲು ಕೇಳಬೇಕಾಗಿದ್ದ ಪ್ರಶ್ನೆಯೇ ಅದು. ನಾನು ಆರು ವರ್ಷ ಆ ದೇಶದಲ್ಲಿ ಗಣಿತ ಕಲಿಸಿದ್ದೇನೆ. ಊರಿಗೆ ಮರಳಿದ ಮೇಲೆ ಹೀಗೆ ಹೊರಡುವವರ ಒಪ್ಪಂದಗಳನ್ನು ಓದಿಕೊಡುತ್ತಾ ಬಂದಿದ್ದೇನೆ. ಸಂಬಳದ ಸಾಲು ಎಲ್ಲ ಶಾಲೆಯದೂ ಚೆನ್ನಾಗಿಯೇ ಕಾಣುತ್ತದೆ. ಶಾಲೆ ಎಂಥದು ಅಂತ ಗೊತ್ತಾಗುವುದು ರಜೆಯ ಪುಟದಲ್ಲಿ.

ಅಲ್ಲಿನ ಸರ್ಕಾರಿ ಶಾಲೆಗಳ ವರ್ಷ ಸಾಮಾನ್ಯವಾಗಿ ಮೇ 16ರ ಸುಮಾರಿಗೆ ಶುರುವಾಗುತ್ತದೆ. ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಮೊದಲ ಅವಧಿ ಮುಗಿಯುತ್ತದೆ. ನವೆಂಬರ್ 1ಕ್ಕೆ ಎರಡನೆಯದು ಶುರು, ಮಾರ್ಚ್‌ಗೆ ಮುಕ್ತಾಯ. ಅಂದರೆ ನಮ್ಮ ದಸರಾ, ದೀಪಾವಳಿ ಸುಮಾರಿಗೆ ಮೂರು ವಾರ, ಬೇಸಿಗೆಯಲ್ಲಿ ಒಂದೂವರೆ ತಿಂಗಳಿಗೂ ಜಾಸ್ತಿ. ಕೇಳುವುದಕ್ಕೆ ಸೊಗಸು. ಆದರೆ ಇದು ಮಕ್ಕಳ ರಜೆ. ನಿಮ್ಮದೂ ಹೌದೋ ಅಲ್ಲವೋ ಅಂತ ಒಪ್ಪಂದವೇ ಹೇಳಬೇಕು. ಕೆಲವು ಶಾಲೆಗಳಲ್ಲಿ ಮಕ್ಕಳಿಲ್ಲದಿದ್ದರೂ ಶಿಕ್ಷಕರು ಬೆಳಿಗ್ಗೆ ಬಂದು ಸಂಜೆವರೆಗೆ ಕೂರಬೇಕು. ಕೆಲವು ಕಡೆ ಬೇಸಿಗೆ ಶಿಬಿರ ನಡೆಸಬೇಕು. ಏಜೆನ್ಸಿ ಮೂಲಕ ಹೋದವರ ಒಪ್ಪಂದ ಎಷ್ಟೋ ಸಲ ಹತ್ತೇ ತಿಂಗಳದ್ದು. ಆಗ ಬೇಸಿಗೆಯಲ್ಲಿ ಕೈಯಲ್ಲಿ ಸಮಯ ಇರುತ್ತದೆ, ದುಡ್ಡು ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಮ್ಮ ವಾಸದ ಅನುಮತಿ ನಿಂತಿರುವುದೇ ಆ ಕೆಲಸದ ಮೇಲೆ. ಕೆಲಸ ಮುಗಿದರೆ ಅದೂ ಮುಗಿಯಿತು. ಹೊಸನಗರದ ಹುಡುಗಿಯ ಒಪ್ಪಂದದಲ್ಲಿ ಹನ್ನೊಂದು ತಿಂಗಳು ಅಂತ ಇತ್ತು. ಬಿಟ್ಟುಹೋದ ತಿಂಗಳು ಏಪ್ರಿಲ್. ಅದನ್ನು ಅವಳು ಗಮನಿಸಿರಲೇ ಇಲ್ಲ.

ವೀಸಾ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ. ಪ್ರವಾಸಿಯಾಗಿ ಥಾಯ್ಲೆಂಡಿಗೆ ಹೋಗಲು ಭಾರತೀಯರಿಗೆ 2023ರ ನವೆಂಬರ್‌ನಲ್ಲಿ ವೀಸಾ ಇಲ್ಲದ ಪ್ರವೇಶ ಕೊಟ್ಟರು. ಆಗಿನಿಂದ "ಸುಮ್ನೆ ಬಂದುಬಿಡಿ, ಕಾಗದಪತ್ರ ಆಮೇಲೆ ನೋಡೋಣ" ಅನ್ನುವವರು ಜಾಸ್ತಿಯಾದರು. ಆ ಮಾತು ನಂಬಬೇಡಿ. ಕಲಿಸಲು ಹೋಗುವವರಿಗೆ ಬೇಕಾದದ್ದು 'ನಾನ್-ಇಮಿಗ್ರಂಟ್ ಬಿ' ವೀಸಾ. ಅದರ ಮೇಲೆ ಕೆಲಸದ ಪರವಾನಗಿ, ಅಂದರೆ ವರ್ಕ್ ಪರ್ಮಿಟ್. ಜೊತೆಗೆ ಅಲ್ಲಿನ ಶಿಕ್ಷಕರ ಮಂಡಳಿ 'ಖುರುಸಪಾ'ದ ಪರವಾನಗಿ, ಇಲ್ಲವೇ ತಾತ್ಕಾಲಿಕ ಅನುಮತಿ. ವೀಸಾ ಮೊದಲು 90 ದಿನಕ್ಕೆ ಸಿಗುತ್ತದೆ. ಅಲ್ಲಿ ಹೋದ ಮೇಲೆ ಶಾಲೆಯ ಕಾಗದ ತೋರಿಸಿ ಒಂದು ವರ್ಷದವರೆಗೆ ಮುಂದುವರಿಸಿಕೊಳ್ಳಬೇಕು. ಅದಾದ ಮೇಲೂ 90 ದಿನಕ್ಕೊಮ್ಮೆ 'ಇಂಥ ವಿಳಾಸದಲ್ಲಿದ್ದೇನೆ' ಅಂತ ವಲಸೆ ಕಚೇರಿಗೆ ತಿಳಿಸಬೇಕು. ಇದಿಷ್ಟು ಆದರೆ ನೆಮ್ಮದಿ ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

2012ರ ಅಕ್ಟೋಬರ್, ನನ್ನ ಮೊದಲ ರಜೆ. ನಾನಿದ್ದದ್ದು ದೇಶದ ಈಶಾನ್ಯ ಭಾಗದಲ್ಲಿ. ಆ ಸೀಮೆಗೆ ಹೆಸರೇ ಈಸಾನ್, ನಮ್ಮ ಈಶಾನ್ಯದ ಮೂಲದ ಪದವೇ ಅದು. ನೋಂಗ್ ಖಾಯ್ ಊರಿನಲ್ಲಿ ಮೆಕಾಂಗ್ ಹೊಳೆ ದಾಟಿದರೆ ಲಾವೋಸ್. ಶಾಲೆಯ ಕಚೇರಿಯಲ್ಲಿ ಕೇಳಿದೆ, "ಏನೂ ಬೇಡ, ಪಾಸ್‌ಪೋರ್ಟ್ ಇದ್ದರೆ ಸಾಕು" ಅಂದರು. ಗಡಿಯಲ್ಲಿ ಅಧಿಕಾರಿ ಏನೋ ಕೇಳಿದರು. ನನಗೆ ಭಾಷೆ ಬರಲಿಲ್ಲ, ತಲೆಯಾಡಿಸಿದೆ. ಸೇತುವೆ ದಾಟಿದೆ. ತೀರ್ಥಹಳ್ಳಿಯಲ್ಲಿ ಮಳೆಗಾಲದ ತುಂಗೆಯನ್ನು ನೋಡಿ ಬೆಳೆದವಳು ನಾನು. ಆದರೂ ಆ ಹೊಳೆಯ ಅಗಲ ನೋಡಿ ಮಾತೇ ಹೊರಡಲಿಲ್ಲ.

ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಸಿಕ್ಕ ಫಿಲಿಪೀನ್ಸ್‌ನ ಶಿಕ್ಷಕಿಯೊಬ್ಬರು ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ, "ನಿನ್ನ ರೀ-ಎಂಟ್ರಿ ಎಲ್ಲಿ?" ಅಂದರು. ದೇಶ ಬಿಟ್ಟು ಹೊರಗೆ ಹೋಗುವ ಮೊದಲೇ, ಮತ್ತೆ ಒಳಗೆ ಬರುವ ಅನುಮತಿ ತೆಗೆದುಕೊಳ್ಳಬೇಕು. ಅದೇ ರೀ-ಎಂಟ್ರಿ ಪರ್ಮಿಟ್. ಒಂದು ಸಲಕ್ಕೆ 1,000 ಬಾತ್ (ಥಾಯ್ ನಾಣ್ಯ), ಅವಧಿ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ಅಂದರೆ 3,800 ಬಾತ್. ಅದಿಲ್ಲದೆ ಗಡಿ ದಾಟಿದ ಕ್ಷಣಕ್ಕೆ ವರ್ಷದ ವಾಸದ ಅನುಮತಿ ರದ್ದು. ನನ್ನದು ರದ್ದಾಗಿತ್ತು. ಶಾಲೆಯಿಂದ ಕಾಗದ ಹೊಸದಾಗಿ ತರಿಸಿ, ಅಲ್ಲಿನ ಥಾಯ್ ರಾಯಭಾರ ಕಚೇರಿಯಲ್ಲಿ ಸಾಲು ನಿಂತು, ಮತ್ತೆ ವೀಸಾ ಪಡೆಯುವ ಹೊತ್ತಿಗೆ ಶಾಲೆ ಶುರುವಾಗಿ ಒಂದು ವಾರ ಕಳೆದಿತ್ತು. ದುಡ್ಡು ಹೋಯಿತು, ಸಂಬಳವೂ ಕಡಿತವಾಯಿತು. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಎಂಟನೇ ತರಗತಿಯ ನಲವತ್ತು ಮಕ್ಕಳು ವಾರವಿಡೀ ಗಣಿತದ ಪಾಠವಿಲ್ಲದೆ ಕೂತಿದ್ದರು.

ಹಾಗಾಗಿ ಮನೆಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ: ರಜೆಗೆ ಟಿಕೆಟ್ ತೆಗೆಯುವ ಮೊದಲು ವಲಸೆ ಕಚೇರಿಗೆ ಹೋಗಿ. ದೊಡ್ಡ ವಿಮಾನ ನಿಲ್ದಾಣದಲ್ಲಿ ಹೊರಡುವ ದಿನವೇ ರೀ-ಎಂಟ್ರಿ ಸಿಗುವುದುಂಟು. ರಸ್ತೆಯ ಗಡಿಯಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಶಾಲೆಯವರ ಬಾಯಿಮಾತನ್ನೂ ನಂಬಬೇಡಿ. ಅವರಲ್ಲಿ ಹೆಚ್ಚಿನವರು ಒಳ್ಳೆಯವರೇ, ಆದರೆ ವಿದೇಶಿಯರ ನಿಯಮ ಅವರಿಗೆ ಯಾಕೆ ಗೊತ್ತಿರಬೇಕು, ಅಲ್ವಾ? ಗಡಿಯ ಸುದ್ದಿಯನ್ನೂ ನೋಡಿಕೊಳ್ಳಿ. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯ ಸೈನಿಕರ ನಡುವೆ ಕಾಳಗ ನಡೆದು ರಸ್ತೆಯ ಗಡಿಗಳು ಮುಚ್ಚಿದವು.

ಇನ್ನು ತಿರುಗಾಟ. ನಾನು ಕೊಡುವ ಸಲಹೆ ಕೆಲವರಿಗೆ ಹಿಡಿಸುವುದಿಲ್ಲ: ಮೊದಲ ಅವಧಿಯಲ್ಲಿ ಎಲ್ಲಿಗೂ ಹೋಗಬೇಡಿ. ಶನಿವಾರ, ಭಾನುವಾರ ಬಂತು ಅಂತ ಬಸ್ಸು ಹತ್ತಬೇಡಿ. ಊರಿನಲ್ಲೇ ಇರಿ. ಸಂತೆಗೆ ಹೋಗಿ, ಮಕ್ಕಳ ಅಪ್ಪ ಅಮ್ಮಂದಿರ ಮುಖ ಪರಿಚಯ ಮಾಡಿಕೊಳ್ಳಿ. ಹಾಗೆ ಇದ್ದರೆ ಜೂನ್ ತಿಂಗಳಲ್ಲಿ 'ವಾಯ್ ಖ್ರು' ನೋಡಲು ಸಿಗುತ್ತದೆ. ಖ್ರು ಅಂದರೆ ಗುರು. ಮಕ್ಕಳು ಗುರುಗಳಿಗೆ ನಮಸ್ಕರಿಸುವ ದಿನ. ಸಾಮಾನ್ಯವಾಗಿ ಅದನ್ನು ಮಾಡುವುದು ಗುರುವಾರವೇ. ಮಕ್ಕಳು ಬಾಳೆಲೆಯ ದೊನ್ನೆಯಲ್ಲಿ ಹೂವು ತರುತ್ತಾರೆ. ನನ್ನ ಕೈಗೆ ಬಂದ ಮೊದಲ ದೊನ್ನೆಯಲ್ಲಿ ಏನಿತ್ತು ಗೊತ್ತಾ? ಗರಿಕೆ, ಕೇಪಳದ ಹೂವು, ಬದನೆ ಹೂವು. ನಮ್ಮ ಹಿತ್ತಲಿನವೇ ಮೂರೂ. ಗರಿಕೆ ತುಳಿದರೂ ಹಬ್ಬುತ್ತದೆ, ಕಲಿಕೆಯೂ ಹಾಗೆ ಹಬ್ಬಲಿ ಅಂತ. ಕೇಪಳದ ಮೊಗ್ಗು ಸೂಜಿಯ ಹಾಗೆ ಮೊನಚು, ಬುದ್ಧಿಯೂ ಹಾಗಾಗಲಿ ಅಂತ. ಬದನೆ ಹೂವು ಕಾಯಾಗುವ ಮುಂಚೆ ತಲೆ ಬಗ್ಗಿಸುತ್ತದೆ, ಅದು ವಿನಯಕ್ಕೆ. ಅವತ್ತು ಸಂಜೆ ಅಪ್ಪಯ್ಯನಿಗೆ ಫೋನ್ ಮಾಡಿ ಅತ್ತುಬಿಟ್ಟಿದ್ದೆ. ಅವರು ನಿಧಾನಕ್ಕೆ ಕೇಳಿದ್ದು ಒಂದೇ ಮಾತು, "ಅಲ್ಲಿ ಮಳೆ ಬಂತಾ ಮಗಾ?"

ಭಾಷೆಯ ಭಯ ಬೇಡ. ಪ್ರಾಥಮಿಕ ಅವರ ಬಾಯಲ್ಲಿ 'ಪ್ರಥೋಮ್', ಪ್ರೌಢಶಾಲೆ 'ಮತ್ತಯೋಮ್', ಅಂದರೆ ಮಧ್ಯಮ. ಆಚಾರ್ಯರು 'ಆಚಾನ್', ಭಾಷೆ 'ಫಾಸಾ', ವಿದ್ಯೆ 'ವಿಚಾ'. ವಾರದ ಹೆಸರೂ ಹಾಗೇ: ಆದಿತ್ಯ, ಚಂದ್ರ, ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಸೌರ (ಅಂದರೆ ಶನಿ), ಉಚ್ಚಾರ ಮಾತ್ರ ಬೇರೆ. ಸಸ್ಯಾಹಾರಿಗಳು ಕಲಿಯಬೇಕಾದ ಪದ 'ಮಂಗ್ಸವಿರತ್'. ಬಿಡಿಸಿದರೆ ಮಾಂಸವಿರತಿ. ಆದರೂ ಮೀನಿನ ಸಾಸ್, 'ನಾಮ್ ಪ್ಲಾ', ಬೇಡ ಅಂತ ಬೇರೆಯಾಗಿ ಹೇಳಲೇಬೇಕು. ಬಿಟ್ಟರೆ ಎಲ್ಲ ಪಲ್ಯಕ್ಕೂ ಬೀಳುತ್ತದೆ.

ಜುಲೈ ಬಂದರೆ ಆಷಾಢ ಹುಣ್ಣಿಮೆ, ಅವರಿಗೆ 'ಆಸಾನ್ಹ ಬುಚಾ'. ಹೆಚ್ಚಾಗಿ ನಮ್ಮ ಗುರುಪೂರ್ಣಿಮೆಯ ದಿನವೇ. ಮರುದಿನದಿಂದ ಭಿಕ್ಷುಗಳು ಮೂರು ತಿಂಗಳು ಒಂದೇ ವಿಹಾರದಲ್ಲಿ ನಿಲ್ಲುತ್ತಾರೆ, ನಮ್ಮ ಮಠಗಳ ಚಾತುರ್ಮಾಸ್ಯದ ಹಾಗೆ. ಎರಡೂ ದಿನ ರಜೆ. ಆಗ ಉಬೋನ್ ಊರಿನಲ್ಲಿ ಕೆತ್ತಿದ ದೊಡ್ಡ ದೊಡ್ಡ ಮೇಣದ ಬತ್ತಿಗಳ ಮೆರವಣಿಗೆ ನಡೆಯುತ್ತದೆ. ನನ್ನ ತರಗತಿಯ ಒಬ್ಬ ಹುಡುಗಿ ತನ್ನ ಅಜ್ಜಿಯ ಮನೆಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದಳು. ಪ್ರವಾಸಿಯಾಗಿ ಹೋಗಿದ್ದರೆ ರಸ್ತೆ ಬದಿಯಲ್ಲಿ ನಿಂತು ಫೋಟೊ ತೆಗೆದು ಬರುತ್ತಿದ್ದೆ. ಟೀಚರ್ ಆಗಿ ಹೋದದ್ದಕ್ಕೆ ಅಜ್ಜಿಯ ಚಾಪೆ ಮೇಲೆ ಕೂತು ಅಂಟು ಅನ್ನ ಉಂಡೆ.

ದೊಡ್ಡ ರಜೆಗೆ ಎಲ್ಲಿಗೆ ಹೋಗಬೇಕು ಅಂತ ಕೇಳುವವರಿಗೆ ಹವಾಮಾನ ಮೊದಲು. ಮಾರ್ಚ್‌ನಲ್ಲಿ ಚಿಯಾಂಗ್ ಮಾಯ್ ಕಡೆಯ ಉತ್ತರದ ಬೆಟ್ಟಗಳಿಗೆ ಹೋಗಬೇಡಿ. ಗದ್ದೆ, ಕಾಡು ಸುಟ್ಟ ಹೊಗೆ ಕಣಿವೆ ತುಂಬಿರುತ್ತದೆ, ಉಸಿರಾಡುವುದು ಕಷ್ಟ. ಆಗ ಪಶ್ಚಿಮದ ಅಂಡಮಾನ್ ಕಡಲ ತೀರ ಚೆನ್ನ. ಅಕ್ಟೋಬರ್‌ನಲ್ಲಿ ಆ ತೀರಕ್ಕೆ ಮಳೆ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್. ಅದು ಸಂಕ್ರಾಂತಿ ಪದವೇ, ಸೂರ್ಯ ಮೇಷಕ್ಕೆ ಬರುವ ಹೊಸ ವರ್ಷ. ಇಡೀ ದೇಶ ಊರಿಗೆ ಹೊರಟಿರುತ್ತದೆ, ಬಸ್ಸು ರೈಲಿನಲ್ಲಿ ಜಾಗ ಇರುವುದಿಲ್ಲ. ಆ ಮೂರು ದಿನ ಇದ್ದಲ್ಲೇ ಇದ್ದು ನೀರಾಟ ಆಡಿ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಫನೊಮ್ ರುಂಗ್ ನೋಡಬೇಕು. ಈಸಾನ್‌ನಲ್ಲಿ ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲಿರುವ ಖ್ಮೇರ್, ಅಂದರೆ ಹಳೆಯ ಕಾಂಬೋಡಿಯದ ರಾಜರ ಕಾಲದ ಶಿವನ ಗುಡಿ. ಒಂದರ ಹಿಂದೆ ಒಂದು ಹದಿನೈದು ಬಾಗಿಲು. ವರ್ಷದಲ್ಲಿ ನಾಲ್ಕು ಸಲ ಸೂರ್ಯನ ಬೆಳಕು ಎಲ್ಲ ಬಾಗಿಲನ್ನೂ ನೇರ ಹಾದುಹೋಗುತ್ತದೆ. ಏಪ್ರಿಲ್ ಮೊದಲ ವಾರದ ಸೂರ್ಯೋದಯ ಅದರಲ್ಲಿ ಒಂದು. ಅಂದರೆ ಸರಿಯಾಗಿ ಬೇಸಿಗೆ ರಜೆಯಲ್ಲಿ! ಬಾಗಿಲ ಮೇಲಿನ ಅನಂತಶಯನದ ಕಲ್ಲು ಒಮ್ಮೆ ಕಾಣೆಯಾಗಿ ಅಮೆರಿಕದ ಶಿಕಾಗೋದ ಸಂಗ್ರಹಾಲಯದಲ್ಲಿತ್ತು. ಜನ ಹೋರಾಡಿ 1988ರಲ್ಲಿ ವಾಪಸು ತಂದರು. ಇಕ್ಕೇರಿ, ಕೆಳದಿಯ ಗುಡಿಗಳಲ್ಲಿ ಆಡಿ ಬೆಳೆದವರು ಆ ಕಲ್ಲಿನ ಮುಂದೆ ನಿಂತರೆ ಪರದೇಶ ಅನ್ನಿಸುವುದಿಲ್ಲ.

ಬೇರೆ ದೇಶಗಳ ಬಗ್ಗೆ ಎರಡು ಮಾತು. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್ ಸೇರಿ ಏಳು ದೇಶದವರಿಗೆ. ನಮಗೆ ದಾರಿ ಕಿರಿದು. ವಿಯೆಟ್ನಾಂನಲ್ಲಿ ಹಬ್ಬದ ದೊಡ್ಡ ರಜೆ ಚಾಂದ್ರಮಾನ ಹೊಸ ವರ್ಷ 'ತೆತ್'ಗೆ. ಜಪಾನಿನ ಶಾಲೆ ಏಪ್ರಿಲ್‌ನಲ್ಲಿ ಶುರು. ಎಲ್ಲ ಕಡೆಯೂ ಒಂದು ಕಹಿ ಸತ್ಯ ಇದೆ: ಜಾಹೀರಾತಿನಲ್ಲಿ ಇಂಗ್ಲಿಷ್ ತಾಯ್ನುಡಿಯವರೇ ಬೇಕು ಅನ್ನುತ್ತಾರೆ, ಅದೇ ಕೆಲಸಕ್ಕೆ ನಮಗೆ ಎಷ್ಟೋ ಸಲ ಕಡಿಮೆ ಸಂಬಳ ಹೇಳುತ್ತಾರೆ. ಇದು ಅನ್ಯಾಯ. ಗಣಿತ, ವಿಜ್ಞಾನ ಮತ್ತು ಬಿ.ಎಡ್. ಇರುವವರು ಅಷ್ಟಕ್ಕೆ ಒಪ್ಪಬೇಕಾಗಿಲ್ಲ.

ಪದವಿ ಪತ್ರದ ದೃಢೀಕರಣ ಊರಲ್ಲಿರುವಾಗಲೇ ಮುಗಿಸಿ. ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ. ಕೆಲವು ದೇಶಗಳಿಗೆ ಸಚಿವಾಲಯ ಹಾಕುವ 'ಅಪೊಸ್ಟಿಲ್' ಅನ್ನುವ ಮುದ್ರೆ ಸಾಕು, ಇನ್ನು ಕೆಲವಕ್ಕೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಅಲ್ಲಿ ಕೂತು ಇಲ್ಲಿಂದ ಮಾಡಿಸುತ್ತೇನೆ ಅಂದರೆ ಒಂದು ರಜೆ ಪೂರ್ತಿ ಅದಕ್ಕೇ ಹೋಗುತ್ತದೆ.

ಹಣ ಕೇಳುವ ಏಜೆಂಟರ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಣಿಯಾದವರ ಪಟ್ಟಿ ಇದೆ. ಅವರು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆಸಿಕೊಂಡು ಮ್ಯಾನ್ಮಾರ್‌ನ ಮ್ಯಾವಡ್ಡಿಯ ಸೈಬರ್ ವಂಚನೆಯ ಅಡ್ಡೆಗಳಿಗೆ ಸಾಗಿಸಿದ್ದು ಸುಳ್ಳು ಸುದ್ದಿಯಲ್ಲ. 2025ರ ಮಾರ್ಚ್‌ನಲ್ಲಿ ಅಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತಂದರು. ಶಾಲೆಯ ಹೆಸರು, ವಿಳಾಸ, ಮುಖ್ಯಸ್ಥರ ಫೋನ್ ಕೊಡದವರ ಜೊತೆ ಮಾತು ಮುಂದುವರಿಸಬೇಡಿ. ಪಾಸ್‌ಪೋರ್ಟನ್ನು ಯಾರ ಕೈಯಲ್ಲೂ ಇಟ್ಟುಕೊಳ್ಳಲು ಬಿಡಬೇಡಿ, ರಜೆಯಲ್ಲಂತೂ ಬೇಡವೇ ಬೇಡ.

ವರ್ಷದಲ್ಲಿ ಒಂದು ರಜೆಯನ್ನಾದರೂ ಮನೆಗೆ ಇಡಿ. ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಸುಮಾರು ನಾಲ್ಕು ಗಂಟೆ. ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಅದಕ್ಕಿಂತ ಜಾಸ್ತಿ. ನಾನು ಎರಡು ಅಕ್ಟೋಬರ್ ಬೇರೆ ದೇಶ ಸುತ್ತಿದೆ. ಮೂರನೆಯದರಲ್ಲಿ ಊರಿಗೆ ಬಂದಾಗ ಅಪ್ಪಯ್ಯ ತೋಟಕ್ಕೆ ಒಬ್ಬರೇ ಇಳಿಯುವುದನ್ನು ಬಿಟ್ಟಿದ್ದರು. ಫೋನಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಹೊಸನಗರದ ಹುಡುಗಿ ಆ ಶಾಲೆಗೆ ಮೂರು ಪ್ರಶ್ನೆ ಬರೆದು ಕಳಿಸಿದಳು. ಏಪ್ರಿಲ್ ಸಂಬಳ ಉಂಟಾ, ಅಕ್ಟೋಬರ್‌ನಲ್ಲಿ ಶಾಲೆಗೆ ಬಂದು ಕೂರಬೇಕಾ, ರೀ-ಎಂಟ್ರಿಗೆ ಬೇಕಾದ ಕಾಗದ ಕೊಡುತ್ತೀರಾ. ನಾಲ್ಕು ದಿನಕ್ಕೆ ಉತ್ತರ ಬಂತು. ಒಪ್ಪಂದವನ್ನು ಹನ್ನೆರಡು ತಿಂಗಳಿಗೆ ತಿದ್ದಿದ್ದಾರೆ. ಅಕ್ಟೋಬರ್‌ನಲ್ಲಿ ಒಂದು ವಾರ ಕೆಲಸ, ಉಳಿದದ್ದು ಅವಳದ್ದು. ಮೊನ್ನೆ ಬಂದು ಕಾಗದ ತೋರಿಸಿ, ಪೆನ್ನು ಕೇಳಿ ತೆಗೆದುಕೊಂಡು ನಮ್ಮ ಜಗುಲಿಯಲ್ಲೇ ಸಹಿ ಹಾಕಿದಳು.