ಹಂಡೆಯಿಲ್ಲದ ಮನೆಯಲ್ಲಿ ಎಣ್ಣೆನೀರು

ಪ್ರಶ್ನೆ: ಚಿಕ್ಕವಳಿದ್ದಾಗ ಊರಲ್ಲಿ ಅಜ್ಜಿ ವಾರಕ್ಕೊಮ್ಮೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು. ಈಗ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದೇನೆ. ಒಲೆ, ಹಂಡೆ ಇಲ್ಲ, ನೀರು ಹಾಕುವವರೂ ಇಲ್ಲ. ಮೈಚರ್ಮ ಒಣಗುತ್ತದೆ, ಕೂದಲು ಉದುರುತ್ತಿದೆ. ಹೆಚ್ಚು ಖರ್ಚಿಲ್ಲದೆ ಎಣ್ಣೆಸ್ನಾನ ಮಾಡಿಕೊಳ್ಳುವುದು ಹೇಗೆ? ಯಾವ ಎಣ್ಣೆ ಒಳ್ಳೆಯದು? ಎಷ್ಟು ಹೊತ್ತು ಬಿಡಬೇಕು?

ಉತ್ತರ: ಎಣ್ಣೆಯಿಂದಲೇ ಶುರು ಮಾಡೋಣ, ದುಡ್ಡು ಸೋರುವುದು ಅಲ್ಲೇ. ಅಡುಗೆಮನೆಯಲ್ಲಿರುವ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಧಾರಾಳವಾಗಿ ಸಾಕು. ತಲೆಗೂ ಮೈಗೂ ಸೇರಿ ಒಬ್ಬರಿಗೆ ಮೂರು ದೊಡ್ಡ ಚಮಚ, ಅಂದರೆ ಸುಮಾರು 45 ಮಿಲಿ ಲೀಟರ್. ಕಾಲು ಲೀಟರಿನ ಬಾಟಲಿ ಐದು ವಾರ ಬರುತ್ತದೆ. ಹತ್ತಾರು ಗಿಡಮೂಲಿಕೆಗಳ ಚಿತ್ರವಿರುವ ದುಬಾರಿ ಬಾಟಲಿ ಕಂಡರೆ ತಿರುಗಿಸಿ, ಹಿಂಬದಿಯ ಪಟ್ಟಿಯಲ್ಲಿ ಮೊದಲು ಏನು ಬರೆದಿದೆ ನೋಡಿ. ಸಾಮಾನ್ಯವಾಗಿ ಒಳಗೆ ಹೆಚ್ಚು ಇರುವುದು ಅದೇ. ಎಷ್ಟೋ ಸಲ ಅದು ಮಾಮೂಲಿ ಎಣ್ಣೆಯೋ ಮಿನರಲ್ ಆಯಿಲ್ಲೋ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಆಗಿರುತ್ತದೆ. ಒಂದು ಎಚ್ಚರಿಕೆ: ಅಗ್ಗಕ್ಕೆ ಸಿಗುತ್ತದೆಂದು ದೀಪದ ಎಣ್ಣೆಯನ್ನು ಮೈಗೆ ಹಚ್ಚಬೇಡಿ. ಅದು ದೇವರ ಮುಂದೆ ಉರಿಯುವುದಕ್ಕೆಂದು ತಯಾರಾದದ್ದು, ಚರ್ಮಕ್ಕೆಂದಲ್ಲ.

ಕೂದಲಿಗೆ ಕೊಬ್ಬರಿ ಎಣ್ಣೆಯನ್ನೇ ಆರಿಸುವುದಕ್ಕೆ ಕಾರಣವಿದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಕೊಬ್ಬಿನಂಶ. ಅದರ ಅಣು ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲಿನ ಎಳೆಯೊಳಕ್ಕೆ ಇಳಿಯುತ್ತದೆ. ತೊಳೆಯುವ ಮುಂಚೆ ಹಚ್ಚಿದರೆ ಕೂದಲು ಕಳೆದುಕೊಳ್ಳುವ ಪ್ರೋಟೀನ್ ಕಡಿಮೆಯಾಗುತ್ತದೆ, ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್‌ಗೂ ಈ ಗುಣ ಕಾಣಲಿಲ್ಲ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದನ್ನು ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳು ಎಂಬುದೂ ನಿಮಗೆ ಗೊತ್ತಿರಲಿ. ಹರಳೆಣ್ಣೆ (ಉತ್ತರ ಕರ್ನಾಟಕದವರ ಔಡಲೆಣ್ಣೆ) ತುಂಬ ಮಂದ. ನೆತ್ತಿಗೆ ಒಂದಿಷ್ಟು ತಟ್ಟಿಕೊಳ್ಳುವುದಕ್ಕೆ ಸರಿ, ಉದ್ದ ಕೂದಲಿಗೆಲ್ಲ ಸುರಿದರೆ ಸಿಕ್ಕುಗಟ್ಟುತ್ತದೆ. ಹಚ್ಚಲೇಬೇಕೆಂದರೆ ಮೂರು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಬೆರೆಸಿ. ಆಲಿವ್ ಎಣ್ಣೆಗೆ ದುಡ್ಡು ಹಾಕಬೇಡಿ. ಅದು ಚರ್ಮದ ಮೇಲ್ಪದರವನ್ನು ಬಲಪಡಿಸುವ ಬದಲು ಸಡಿಲಿಸಬಲ್ಲದು.

ಕೂದಲು ಉದುರುವುದು ಇದರಿಂದ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಎಣ್ಣೆಯಿಂದ ಕೂದಲು ತುಂಡಾಗುವುದು ಕಡಿಮೆಯಾಗಬಹುದು. ಬುಡದಿಂದ ಉದುರುವುದರ ಕಾರಣ ಸಾಮಾನ್ಯವಾಗಿ ಒಳಗಿರುತ್ತದೆ: ಕಬ್ಬಿಣಾಂಶದ ಕೊರತೆ, ಥೈರಾಯ್ಡ್, ಎರಡು ಮೂರು ತಿಂಗಳ ಹಿಂದೆ ಬಂದ ಜ್ವರ, ಹೆರಿಗೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ಬಹಳ ಹೆಚ್ಚೆನಿಸಿದರೆ ಎಣ್ಣೆ ಬದಲಿಸುತ್ತ ಕೂರದೆ ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿ.

ಒಣಚರ್ಮದ ವಿಷಯದಲ್ಲಿ ಮಾತ್ರ ಎಣ್ಣೆನೀರು ಕೊಟ್ಟ ಮಾತು ಉಳಿಸಿಕೊಳ್ಳುತ್ತದೆ. ಬಿಸಿನೀರೂ ಸೋಪೂ ಸೇರಿ ಚರ್ಮದ ಸ್ವಂತ ಜಿಡ್ಡನ್ನು ತೊಳೆದುಹಾಕುತ್ತವೆ. ಆಮೇಲೆ ಒಳಗಿನ ತೇವ ಆರಿ ಮೈ ಬಿರಿಯುತ್ತದೆ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿದ್ದರೆ ನೀರಿಗೂ ಚರ್ಮಕ್ಕೂ ನಡುವೆ ಒಂದು ತೆಳುಪದರ ಉಳಿಯುತ್ತದೆ. ಅಜ್ಜಿಯಂದಿರು ಅವತ್ತು ಸೋಪು ಮುಟ್ಟಲು ಬಿಡುತ್ತಿರಲಿಲ್ಲವಲ್ಲ, ಅದು ಬರೀ ಹಟವಲ್ಲ. ಸೋಪು ಹಚ್ಚಿ ಉಜ್ಜಿದರೆ ಆ ಪದರವೂ ಹೋಗಿ, ಮಾಡಿದ್ದೆಲ್ಲ ನೀರುಪಾಲು.

ಇನ್ನು ಮಾಡುವ ಬಗೆ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಿ. ನೇರ ಉರಿಯ ಮೇಲಿಟ್ಟರೆ ಎಷ್ಟು ಕಾಯಿತೆಂದು ತಿಳಿಯುವುದಿಲ್ಲ, ಕೈ ಸುಡುತ್ತದೆ. ಹಳೆಯ ಸೀರೆಯ ತುಂಡನ್ನೋ ಚಾಪೆಯನ್ನೋ ಹಾಸಿ ಮಣೆಯ ಮೇಲೆ ಕೂತುಕೊಳ್ಳಿ. ಮೊದಲು ನೆತ್ತಿಗೆ ತಟ್ಟಿ, ಬೆರಳ ತುದಿಯಿಂದ ಬುಡಕ್ಕೆ ಇಳಿಸಿ. ಉಗುರು ತಾಗಿಸಬೇಡಿ. ಆಮೇಲೆ ಕುತ್ತಿಗೆ, ಭುಜ, ತೋಳು. ಉದ್ದ ಮೂಳೆಯಿರುವಲ್ಲಿ ಉದ್ದಕ್ಕೆ ಎಳೆಯಿರಿ, ಕೀಲುಗಳ ಸುತ್ತ ಗುಂಡಗೆ ತಿಕ್ಕಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಭುಜದ ಮೇಲ್ಭಾಗಕ್ಕೆ ಐದು ನಿಮಿಷ ಹೆಚ್ಚು ಕೊಡಿ. ತಲೆಗೂ ಪಾದಕ್ಕೂ ಎಣ್ಣೆ ತಪ್ಪಿಸಬಾರದೆಂದು ಆಯುರ್ವೇದದ ಹಳೆಯ ಗ್ರಂಥಗಳೂ ಹೇಳುತ್ತವೆ. ನಾವು ಅವಸರದಲ್ಲಿ ಬಿಡುವುದು ಪಾದವನ್ನೇ. ಒಡೆದ ಹಿಮ್ಮಡಿಗೆ ಎರಡು ಸಲ ಹಚ್ಚಿ. ಬೆನ್ನಿಗೆ ಕೈ ಎಟಕದಿದ್ದರೆ ಮನೆಯಲ್ಲಿದ್ದವರನ್ನು ಕರೆಯಿರಿ, ಸಂಕೋಚಪಡುವಂಥದ್ದೇನಿಲ್ಲ. ಒಬ್ಬರೇ ಇದ್ದರೆ ಹಳೆಯ ಬಟ್ಟೆಯ ಉದ್ದ ಪಟ್ಟಿಗೆ ಎಣ್ಣೆ ಸವರಿ, ಎರಡು ತುದಿ ಹಿಡಿದು ಬೆನ್ನ ಮೇಲೆ ಆಚೀಚೆ ಎಳೆದುಕೊಳ್ಳಿ.

ಇಪ್ಪತ್ತರಿಂದ ಮೂವತ್ತು ನಿಮಿಷ ಬಿಟ್ಟರೆ ಸಾಕು. ಮಧ್ಯಾಹ್ನದವರೆಗೆ ಎಣ್ಣೆಯಲ್ಲೇ ನೆನೆಯಬೇಕಾಗಿಲ್ಲ, ತಲೆಹೊಟ್ಟು ಇರುವವರಿಗಂತೂ ಅದರಿಂದ ತೊಂದರೆ ಹೆಚ್ಚಬಹುದು. ಹೊಟ್ಟಿಗೆ ಕಾರಣವಾಗುವ ಮಲಸ್ಸೇಜಿಯ ಎಂಬ ಶಿಲೀಂಧ್ರ ಜಿಡ್ಡನ್ನೇ ತಿಂದು ಬದುಕುತ್ತದೆ. ಅಂಥವರು ನೆತ್ತಿಗೆ ಎಣ್ಣೆ ಬಿಟ್ಟು ಕೂದಲ ತುದಿಗಳಿಗಷ್ಟೇ ಹಚ್ಚಿಕೊಳ್ಳಲಿ. ಬಚ್ಚಲಿಗೆ ಹೋಗುವ ಮುನ್ನ ಹೆಚ್ಚಿನ ಎಣ್ಣೆಯನ್ನು ಹಳೆಯ ಹತ್ತಿಬಟ್ಟೆಯಿಂದ ಒರೆಸಿ ತೆಗೆಯಿರಿ. ಫ್ಲಾಟಿನ ಪೈಪು ಕಟ್ಟಿಕೊಳ್ಳುವುದೂ ತಪ್ಪುತ್ತದೆ, ಜಿಡ್ಡು ಬಿಡಿಸುವ ಕೆಲಸವೂ ಅರ್ಧವಾಗುತ್ತದೆ.

ಮೈಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ತಲೆಗೆ ಸೀಗೆಪುಡಿ. ಮೈಸೂರು ಕಡೆಯವರು ಸೀಗೆಗೆ ಚಿಗರೆಪುಡಿ (ಚಿಗರೆ ಮರದ ಎಲೆಯ ಪುಡಿ) ಬೆರೆಸುತ್ತಾರೆ. ಮಲೆನಾಡಿನಲ್ಲಿ ಮತ್ತಿ ಸೊಪ್ಪನ್ನೋ ದಾಸವಾಳದ ಎಲೆಯನ್ನೋ ನೀರಿನಲ್ಲಿ ಕಿವುಚಿ ಲೋಳೆ ತೆಗೆದು ತಲೆಗೆ ಹಾಕುತ್ತಾರೆ, ಅದಕ್ಕೆ ಗೊಂಪು ಎನ್ನುತ್ತಾರೆ. ದಾಸವಾಳದ ಕುಂಡ ಬಾಲ್ಕನಿಯಲ್ಲಿದ್ದರೆ ಹತ್ತು ಹನ್ನೆರಡು ಎಲೆ ಸಾಕು, ಬಟ್ಟೆಯಲ್ಲಿ ಸೋಸಿಕೊಳ್ಳಿ. ಇಲ್ಲವಾದರೆ ಕೂದಲು ಬಾಚುವಾಗ ಎಲೆಚೂರು ಆರಿಸುವುದೇ ಕೆಲಸವಾಗುತ್ತದೆ. ಸೀಗೆ, ಅಂಟುವಾಳಗಳಲ್ಲಿ ನೊರೆ ಬರಿಸುವುದು ಸಪೋನಿನ್ ಎಂಬ ವಸ್ತು, ಕಣ್ಣಿಗೆ ಬಿದ್ದರೆ ಕೆಂಡ. ತಲೆ ಹಿಂದಕ್ಕೆ ಬಾಗಿಸಿ ತೊಳೆಯಿರಿ. ಇದೆಲ್ಲ ಆಗದು ಎಂದರೆ ದಿನ ಬಳಸುವ ಶಾಂಪೂವನ್ನೇ ಸ್ವಲ್ಪ ನೀರಿಗೆ ಕಲಸಿ ಹಾಕಿಕೊಳ್ಳಿ, ಪರವಾಗಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಎಣ್ಣೆಸ್ನಾನ ಎಂದರೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಬಿಸಿನೀರು. ಬಚ್ಚಲೊಳಗೇ ಗ್ಯಾಸ್ ಗೀಸರ್ ಇದ್ದು, ಗಾಳಿ ಆಡದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ತಲೆ ಸುತ್ತುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಜೀವಗಳು ಹೋಗಿವೆ. ಬಕೆಟ್ ತುಂಬಿಸಿಕೊಂಡು ಗೀಸರ್ ಆರಿಸಿ, ಕಿಟಕಿ ತೆರೆದಿಟ್ಟು, ಆಮೇಲೆ ಸ್ನಾನಕ್ಕೆ ಕೂರಿ. ಗೀಸರನ್ನು ಹೊರಗೆ ಹಾಕಿಸಲು ಮನೆ ಮಾಲೀಕರನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಜ್ವರ, ನೆಗಡಿ, ಅಜೀರ್ಣ ಇದ್ದ ದಿನ ಬೇಡ. ಗಾಯ, ಮೊಡವೆ ಇರುವಲ್ಲಿ ಎಣ್ಣೆ ಹಚ್ಚಬೇಡಿ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿಕೊಳ್ಳಬೇಕು, ಕಾಲ್ಬೆರಳ ಸಂದಿಗೆ ಎಣ್ಣೆ ಬಿಡಬಾರದು. ಎಳೆಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಈ ಒಂದಕ್ಕೆ ಒಪ್ಪಬೇಡಿ.

ನೀರು ಹಾಕಿಕೊಂಡ ಮೇಲೆ ಬರುವ ಆ ಸುಖದ ತೂಕಡಿಕೆ ನೆನಪಿದೆಯೇ? ಬಿಸಿನೀರಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಹೊರಬಂದ ಮೇಲೆ ಒಳಮೈಯ ಶಾಖ ನಿಧಾನವಾಗಿ ಇಳಿಯುತ್ತದೆ, ಹಾಗೆ ಇಳಿಯುವಾಗಲೇ ನಿದ್ದೆ ಬರುವುದು. ನಿದ್ದೆ ಸರಿಯಾಗಿ ಬಾರದವರು ಭಾನುವಾರದ ಬೆಳಗಿನ ಬದಲು ಸಂಜೆ, ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಮಾಡಿ ನೋಡಿ. ಬಿಸಿ ಅನ್ನ, ಮೆಣಸಿನ ಸಾರು ಇದ್ದರೆ ಇನ್ನೂ ಚೆಂದ. ತಲೆ ಮಾತ್ರ ಪೂರ್ತಿ ಆರಿಸಿಕೊಂಡೇ ಮಲಗಿ.

ಊಟಕ್ಕೆ ಕೂರುವ ಮುಂಚೆ ಬಚ್ಚಲ ನೆಲಕ್ಕೆ ಒಂದು ಹಿಡಿ ಕಡಲೆಹಿಟ್ಟು ಉದುರಿಸಿ, ಪೊರಕೆಯಿಂದ ಉಜ್ಜಿ, ಬಿಸಿನೀರು ಹೊಯ್ಯಿರಿ. ನಿಮ್ಮ ನಂತರ ಒಳಗೆ ಕಾಲಿಡುವವರು ವಯಸ್ಸಾದವರೋ ಮಗುವೋ ಆಗಿರಬಹುದು.