ಒರತೆಯು ತೀರ್ಥವಾಗುವ ಬಗೆ

ಅಂತರ್ಜಲ ಪರೀಕ್ಷೆಯ ಕೆಲಸದಲ್ಲಿರುವ ನನ್ನ ಬಳಿಗೆ, ಜಾತ್ರೆ ಹಬ್ಬಗಳು ಮುಗಿದ ಮೇಲೆ, ಬೆಂಗಳೂರಿನ ಯಾರಾದರೊಬ್ಬರು ಬಾಟಲಿಯಲ್ಲಿ ತೀರ್ಥ ತರುವುದುಂಟು. ಮಲ್ಲೇಶ್ವರದ ನಂದಿತೀರ್ಥದ್ದೋ, ಶಿವಗಂಗೆಯದೋ, ಕೋಲಾರದ ಅಂತರಗಂಗೆಯದೋ ಆದ ಆ ನೀರಿಗೆ ಔಷಧಿಯ ಗುಣವಿದೆಯೇ ಎಂಬುದು ಅವರ ಪ್ರಶ್ನೆ. ಉತ್ತರವನ್ನು ಬೆಟ್ಟದಿಂದಲೇ ಆರಂಭಿಸಬೇಕು.

ನಮ್ಮ ಬಯಲುಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಒಡಲಲ್ಲಿ ನೀರು ಹೀರಿಟ್ಟುಕೊಳ್ಳುವಂಥವಲ್ಲ. ಮಳೆನೀರು ಶಿಥಿಲಗೊಂಡ ಮೇಲ್ಪದರಕ್ಕೆ ಇಳಿದು, ಬಂಡೆಯ ಬಿರುಕುಗಳ ದಾರಿ ಹಿಡಿದು, ಆ ಬಿರುಕು ಇಳಿಜಾರಿನಲ್ಲಿ ಎಲ್ಲಿ ಬಾಯಿ ತೆರೆಯುತ್ತದೋ ಅಲ್ಲಿ ಒರತೆಯಾಗಿ ಜಿನುಗುತ್ತದೆ. ದಾರಿ ಕಿರಿದಾದ್ದರಿಂದ ಮಳೆ ನಿಂತು ತಿಂಗಳುಗಳು ಕಳೆದರೂ ನೀರು ನಿಲ್ಲದಿರಬಹುದು. ಕೆಳಗಿನ ಕೆರೆಗಳು ಬತ್ತಿರುವ ಬೇಸಿಗೆಯಲ್ಲಿ, ಅಂತರಗಂಗೆಯಿರುವ ಶತಶೃಂಗ ಬೆಟ್ಟದ ಬಂಡೆಗಳ ನಡುವೆ ಕಲ್ಲಿನ ಬಸವನ ಬಾಯಿಂದ ನೀರು ಬೀಳುವುದನ್ನು ಕಂಡವರು ಅದನ್ನು ಗಂಗೆಯೆಂದರೆ ಆಶ್ಚರ್ಯವೇನು? ಜಾಗವೊಂದು ಪವಿತ್ರವಾಗಲು ಅದರ ಚೆಲುವಿಗಿಂತ, ಸುತ್ತಲಿನ ನೆಲದ ರೂಢಿಯನ್ನು ಅದು ಮುರಿಯುವುದೇ ದೊಡ್ಡ ಕಾರಣವೆಂದು ನನಗನ್ನಿಸಿದೆ. ಮಲೆನಾಡಿನಲ್ಲಿ ಇಂಥ ಒರತೆಗಳಿಗೆ ಲೆಕ್ಕವಿಲ್ಲ; ಬಹುಪಾಲು ಅಡಿಕೆ ತೋಟದ ನೀರಾಗಿಯೇ ಉಳಿದಿವೆ (ತಲಕಾವೇರಿಯ ಮಾತು ಬೇರೆ).

ಈ ಕಾರಣಕ್ಕೆ ನೀರಿನ ರುಚಿಯೂ ಸೇರುತ್ತದೆ. ಬಂಡೆಯೊಡನೆ ಬಹುಕಾಲ ಕಳೆದ ಕೋಲಾರದ ಕೊಳವೆಬಾವಿ ನೀರಿನಲ್ಲಿ ಬಂಡೆಯ ಲವಣಗಳು ಹೆಚ್ಚು ಕರಗಿರುತ್ತವೆ; ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ಫ್ಲೋರೈಡ್ ಸಿಗುವುದೂ ಉಂಟು. ಬೇಗ ಹೊರಬೀಳುವ ಒರತೆಯ ನೀರಿನಲ್ಲಿ ಸಾಮಾನ್ಯವಾಗಿ ಲವಣ ಕಡಿಮೆ; ಬಾಯಿಗೆ ಅದಕ್ಕಿಂತ ಹಿತ.

ರೋಗ ಗುಣವಾಗುವ ಮಾತು ಆಮೇಲಿನದು. ಫ್ರಾನ್ಸಿನ ಕ್ರೈಸ್ತ ಯಾತ್ರಾಸ್ಥಳವಾದ ಲೂರ್ದ್‌ನಲ್ಲಿ 1858ರಲ್ಲಿ ಬರ್ನದೆತ್ ಎಂಬ ಹುಡುಗಿ ಗುಹೆಯ ನೆಲ ಕೆದಕಿದಾಗ ಕಂಡ ನೀರನ್ನು ಅದೇ ವರ್ಷ ರಸಾಯನಶಾಸ್ತ್ರಜ್ಞ ಫಿಲೋಲ್ ಪರೀಕ್ಷಿಸಿ, ವಿಶೇಷ ಔಷಧೀಯ ಅಂಶ ಇಲ್ಲವೆಂದು ವರದಿ ಕೊಟ್ಟರು. ಯಾತ್ರಿಕರು ಕಡಿಮೆಯಾಗಲಿಲ್ಲ. ಭೂಗೋಳತಜ್ಞ ವಿಲ್ ಗೆಸ್ಲರ್ 1992ರಲ್ಲಿ ಇಂಥ ಜಾಗಗಳನ್ನು ಚಿಕಿತ್ಸಕ ಭೂದೃಶ್ಯಗಳೆಂದು ಕರೆದು, ಅಲ್ಲಿನ ನಿಸರ್ಗ, ಜನರ ಒಡನಾಟ ಮತ್ತು ಜಾಗಕ್ಕೆ ಅಂಟಿಕೊಂಡ ಅರ್ಥ ಇವು ಕೂಡಿಯೇ ಕೆಲಸ ಮಾಡುತ್ತವೆ ಎಂಬ ವಿಚಾರವನ್ನು ಮುಂದಿಟ್ಟರು. ಹರಕೆ ಹೊತ್ತು, ಮನೆಮಂದಿಯೊಡನೆ ಮೆಟ್ಟಿಲು ಹತ್ತಿ, ತಣ್ಣನೆಯ ನೀರು ತಲೆಗೆ ಬಿದ್ದಾಗ ಆಗುವ ಹಗುರ ಸುಳ್ಳಲ್ಲ. ಆದರೆ ವಾಸಿಯಾದವರು ಹರಕೆ ತೀರಿಸಲು ಮರಳಿ ಬಂದು ಕಥೆ ಹೇಳುತ್ತಾರೆ. ವಾಸಿಯಾಗದವರು ಮತ್ತೆ ಬೆಟ್ಟ ಹತ್ತುವುದಿಲ್ಲ. ಸ್ಥಳದ ಕೀರ್ತಿ ಹೀಗೆಯೂ ಬೆಳೆಯುತ್ತದೆ.

ಬಾಟಲಿ ತಂದವರಿಗೆ ನಾನು ಹೇಳುವುದು ಇಷ್ಟೇ: ನೂರಾರು ಕೈಗಳು ಅದ್ದಿದ ಕೊಳದ ನೀರಾದರೆ ಮೊದಲು ಕೋಲಿಫಾರ್ಮ್ (ನೀರಿಗೆ ಹೊಲಸು ಸೇರಿರುವುದನ್ನು ಸೂಚಿಸುವ ಬ್ಯಾಕ್ಟೀರಿಯ) ಪರೀಕ್ಷೆಯಾಗಲಿ; ಅಲ್ಲಿಯವರೆಗೆ ಮಗುವಿಗೆ ಕೊಡುವ ತೀರ್ಥವನ್ನು ಕುದಿಸಿ ಆರಿಸಿಯೇ ಕೊಡಿ.